ಬಾಳ್ಳುಪೇಟೆಯ ಮತ್ಸ್ಯಗೃಹದಲ್ಲಿ ಮರಳು: ಒಂದು ತಳಮಟ್ಟದ ಅಧ್ಯಯನ

ಉಪೋದ್ಘಾತ

ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಆಲೂರು ದಾಟಿ ಸಕಲೇಶಪುರ ಮುಟ್ಟುವ ಮೊದಲು ಬಾಳ್ಳುಪೇಟೆ ಸಿಗುತ್ತದೆ. ಇಲ್ಲಿ ಕಾಫಿ, ಮೆಣಸಿನ ರೇಟು ಮಾತಾಡದ ಬಾಯಿಲ್ಲ; ಆನೆ ಎಲ್ಲಿದೆ ಎಂಬ ಸುದ್ದಿ ಬರದ ಫೋನಿಲ್ಲ. ಆದರೆ ಎರಡಡಿ ಉದ್ದದ ಗಾಜಿನ ತೊಟ್ಟಿಯ ತಳಕ್ಕೆ ಎಂಥ ಮರಳು ಹಾಸಬೇಕು ಎಂಬ ಮೂಲಭೂತ ಪ್ರಶ್ನೆಯನ್ನು ಈ ಸೀಮೆಯ ಯಾವ ವಿದ್ವಾಂಸನೂ ಕೈಗೆತ್ತಿಕೊಂಡಂತಿಲ್ಲ. ಆ ಕೊರತೆ ನೀಗಲು ಪ್ರಸ್ತುತ ಲೇಖಕ ಸೊಂಟ ಕಟ್ಟಿದ್ದಾನೆ. (ಸೊಂಟ ಹಿಡಿದುಕೊಂಡದ್ದು ಆಮೇಲೆ, ಮರಳು ಹೊತ್ತ ದಿನ.)

ಶಾಸ್ತ್ರಪದ್ಧತಿಯಂತೆ ಮೊದಲು ಹಿಂದಿನವರನ್ನು ತಳ್ಳಿಹಾಕಬೇಕು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ತಿನಿಸು, ಹಿಡಿಯುವ ಬಗೆ ಎಲ್ಲ ಅಲ್ಲುಂಟು. ಆದರೆ ದೊರೆಯ ವಿನೋದವಿದ್ದದ್ದು ಗಾಳದ ತುದಿಯಲ್ಲಿ. ಗಾಳ ಹಾಕುವವನಿಗೆ ಮೀನಿನ ಹಾಸಿಗೆಯ ಚಿಂತೆ ಯಾಕೆ? ಇನ್ನು 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದು ಆ ಪದವನ್ನು ಜನರ ಬಾಯಿಗೆ ಹಾಕಿದ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಕಡಲನೀರಿನ ಮನುಷ್ಯ. ನಮಗೂ ಕಡಲಿಗೂ ನಡುವೆ ಇಡೀ ಶಿರಾಡಿ ಘಾಟಿ ಇದೆ. ಆತನನ್ನೂ ಘಾಟಿ ಇಳಿಸಿ ಕಳಿಸಿದ್ದಾಯಿತು. ಕ್ಷೇತ್ರ ಈಗ ಖಾಲಿ.

ಶಬ್ದನಿರ್ಣಯ

ಉತ್ತರದವರ ಉಸುಕು, ಕರಾವಳಿಯವರ ಹೊಯ್ಗೆ, ನಮ್ಮ ಮರಳು ಮೂರೂ ಒಂದೇ ವಸ್ತು. ಹೊಯ್ಗೆಗೆ ಮಂಗಳೂರಿನಲ್ಲಿ ಒಂದು ಬಜಾರೇ ಇದೆ, ಹೊಯ್ಗೆಬಜಾರು. ಕಿಟೆಲ್ಲರ ನಿಘಂಟು 1894ರಲ್ಲಿ ಹೊರಬಂದದ್ದೂ ಅದೇ ಮಂಗಳೂರಿನಿಂದ. ಈ ಎರಡು ಸಂಗತಿಗಳಿಗೆ ಸಂಬಂಧವಿಲ್ಲ. ಆದರೂ ಸಂಶೋಧನ ಪ್ರಬಂಧದಲ್ಲಿ ಹೀಗೆ ಅಕ್ಕಪಕ್ಕ ಕೂರಿಸಿದರೆ ತೂಕ ಬರುತ್ತದೆ.

‘ಮರಳು’ ಎಂದರೆ ಹಿಂದಿರುಗು ಎಂದೂ ಆಗುತ್ತದೆ, ಕುದಿ ಎಂದೂ ಆಗುತ್ತದೆ. ನಡುವೆ ಒಂದು ಉಕಾರ ಬಿದ್ದರೆ ಮರುಳು. ಲೇಖಕನ ಕ್ಷೇತ್ರಕಾರ್ಯದಲ್ಲಿ ಈ ಅರ್ಥಗಳೆಲ್ಲ ಒಂದರ ಹಿಂದೊಂದು ಸಾಬೀತಾದವು. ಮರಳಿಗೆಂದು ಹೋದವನು ಬರಿಗೈಲಿ ಮರಳಿದೆ. ಒಲೆಯ ಮೇಲೆ ಎಸರು ಮರಳುತ್ತಿತ್ತು. ಮೂರನೆಯ ವಾರ ಮನೆಯಾಕೆ, “ರೀ, ಮೀನು ತರ್ತೀನಿ ಅಂತ ಶುರು ಮಾಡಿ ಇನ್ನೂ ಮಣ್ಣೇ ಹೊರ್ತಿದೀರಲ್ಲ, ನಿಮಗೇನು ಮರುಳಾ?” ಎಂದಳು. ಮಣ್ಣಲ್ಲ, ಮರಳು ಎಂದು ತಿದ್ದಿದೆ. ತಿದ್ದಬಾರದಿತ್ತು.

ರವೆ ಮಾನದಂಡ

ಮರಳು ಎಂದರೆ ಎಷ್ಟು ದಪ್ಪದ್ದು? 1922ರಲ್ಲಿ ಅಮೆರಿಕದ ವೆಂಟ್‌ವರ್ತ್ ಎಂಬ ಭೂವಿಜ್ಞಾನಿ ಒಂದು ಅಳತೆಪಟ್ಟಿ ಮಾಡಿದ. ಅದರಂತೆ 0.0625 ಮಿ.ಮೀ.ನಿಂದ 2 ಮಿ.ಮೀ.ವರೆಗಿನದು ಮರಳು, ಅದಕ್ಕಿಂತ ಸಣ್ಣದು ಗೋಡು, ದೊಡ್ಡದು ಕಲ್ಲು. ನಮ್ಮ ಕಟ್ಟಡದ ಕೆಲಸಕ್ಕಿರುವ ಭಾರತೀಯ ಮಾನಕ ಐಎಸ್ 383ರ ಪ್ರಕಾರವಾದರೋ 4.75 ಮಿ.ಮೀ. ಜರಡಿಯಲ್ಲಿ ಇಳಿದದ್ದೆಲ್ಲ ಹೆಚ್ಚುಕಡಿಮೆ ಮರಳೇ. ಅಂದರೆ ಎರಡಕ್ಕೂ ನಾಲ್ಕೂಮುಕ್ಕಾಲಕ್ಕೂ ನಡುವಿನ ಕಾಳು ಭೂವಿಜ್ಞಾನಿಯ ಕಣ್ಣಿಗೆ ಕಲ್ಲು, ಕಂಟ್ರಾಕ್ಟರನ ಕಣ್ಣಿಗೆ ಮರಳು. ಹೀಗೆ ಎರಡೂ ಪಕ್ಷದಲ್ಲಿ ಸದಸ್ಯತ್ವ ಇಟ್ಟುಕೊಂಡವರನ್ನು ನಾವು ಬೇರೆ ಕ್ಷೇತ್ರಗಳಲ್ಲೂ ಕಂಡಿದ್ದೇವೆ.

ಮೀನಿಗೆ ಇವೆರಡೂ ಮಾನಕಗಳಿಂದ ಪ್ರಯೋಜನವಿಲ್ಲ. ಆದ್ದರಿಂದ ಲೇಖಕ ಅಡುಗೆಮನೆಯ ಡಬ್ಬಿಗಳನ್ನು ಮುಂದಿಟ್ಟುಕೊಂಡು ಹೊಸ ಮಾನದಂಡವೊಂದನ್ನು ಕಂಡುಹಿಡಿದಿದ್ದಾನೆ. ಚಿರೋಟಿ ರವೆಯಷ್ಟು ನುಣ್ಣಗಿನ ಮರಳು ಒತ್ತಾಗಿ ಕೂತುಬಿಡುತ್ತದೆ. ಕೆಳಗೆ ನೀರಾಡುವುದಿಲ್ಲ, ಮೀನು ಬಾಲ ಆಡಿಸಿದರೆ ಮೇಲೆದ್ದು ಫಿಲ್ಟರಿನ ಮೋಟರಿಗೆ ಹೋಗುತ್ತದೆ. ಕಡುಬಿನ ಅಕ್ಕಿತರಿಯಷ್ಟಿದ್ದರೆ ಸಂದಿಯಲ್ಲಿ ತಿಂಡಿ, ಹಿಕ್ಕೆ ಇಳಿದು ಅಲ್ಲೇ ಕೊಳೆಯುತ್ತವೆ. ಉಪ್ಪಿಟ್ಟಿನ ರವೆ ಸರಿ. ಕಸ ಮೇಲೇ ನಿಲ್ಲುತ್ತದೆ, ಪೈಪಿನಲ್ಲಿ ಎಳೆದುಬಿಡಬಹುದು. ತಳದಲ್ಲಿ ಮೇಯುವ ಕೊರಿಡೋರಸ್ ಎಂಬ ದಕ್ಷಿಣ ಅಮೆರಿಕದ ಪುಟ್ಟ ಮೀಸೆಮೀನು ಈ ಮರಳನ್ನು ಬಾಯಿತುಂಬ ತೆಗೆದುಕೊಂಡು, ತಿನ್ನುವುದನ್ನು ತಿಂದು, ಉಳಿದದ್ದನ್ನು ಕಿವಿರಿನ ಸಂದಿಯಿಂದ ಹೊರಗೆ ಬಿಡುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ ಈ ವಿದ್ಯೆ ಬಂದಿದ್ದರೆ ಮಧ್ಯಾಹ್ನದ ಎಷ್ಟು ಹೊತ್ತು ಉಳಿಯುತ್ತಿತ್ತು!

ರವೆ ಮಾನದಂಡಕ್ಕೆ ಮನೆಯಲ್ಲಿ ಒಂದೇ ಆಕ್ಷೇಪ ಬಂತು. ಅದು ಹಿಟ್ಟಿನ ಜರಡಿಯನ್ನು ಕುರಿತದ್ದು. ಈಗ ಹೊಸ ಜರಡಿ ಬಂದಿದೆ.

ಫಿಲ್ಟರ್ ಭ್ರಾಂತಿ

ಅಂಗಡಿಯಲ್ಲಿ ‘ಫಿಲ್ಟರ್ ಮರಳು ಇದೆಯಾ’ ಎಂದು ಕೇಳಿ ಲೇಖಕ ಪಟ್ಟ ಪಾಡು ಮುಂದಿನವರಿಗೆ ಬೇಡ. ಬಾಳ್ಳುಪೇಟೆಯಲ್ಲಿ ಬರೀ ‘ಫಿಲ್ಟರ್’ ಎಂದರೆ ಕಾಫಿ. ಮೀನು ಸಾಕುವವನಿಗೆ ಫಿಲ್ಟರ್ ಎಂದರೆ ಗುಳುಗುಳು ಎನ್ನುವ ಯಂತ್ರ. ‘ಫಿಲ್ಟರ್ ಮರಳು’ ಎಂದರೆ ಮಾತ್ರ, ಹೊಲದ, ಕೆರೆಯಂಗಳದ ಮಣ್ಣನ್ನು ಕದ್ದು ತೊಳೆದು ತೆಗೆದ ಕಳ್ಳಮರಳು. ಬೆಂಗಳೂರಿನ ಸುತ್ತ, ಕೋಲಾರದ ಕಡೆ ಮೇಲ್ಮಣ್ಣನ್ನೆಲ್ಲ ತಿಂದುಹಾಕಿದ್ದಕ್ಕೆ ಹೆಸರಾದದ್ದು. ಕೇಳಿಸಿಕೊಂಡ ಅಂಗಡಿಯವನು ಹೊರಗಡೆ ಇಣುಕಿ, ದನಿ ತಗ್ಗಿಸಿ, “ಎಷ್ಟು ಲೋಡು?” ಎಂದ. ಹನ್ನೆರಡು ಕೆಜಿ ಎಂದೆ. ಆಮೇಲೆ ಅವನು ಮಾತಾಡಲಿಲ್ಲ.

ಹನ್ನೆರಡರ ಲೆಕ್ಕ ಇದು: ತೊಟ್ಟಿಯ ತಳ 60 ಸೆಂ.ಮೀ. ಉದ್ದ, 30 ಅಗಲ; ಮರಳಿನ ದಪ್ಪ 4 ಸೆಂ.ಮೀ. ಗುಣಿಸಿದರೆ 7.2 ಲೀಟರ್. ಒಣಮರಳು ಲೀಟರಿಗೆ ಸುಮಾರು 1.6 ಕೆಜಿ ತೂಗುತ್ತದೆ. ಒಟ್ಟು ಹನ್ನೊಂದೂವರೆ ಕೆಜಿ, ತೊಳೆಯುವಾಗ ಹೋಗುವ ಪಾಲು ಬೇರೆ. ಒಣಮರಳು ಎಂದು ಒತ್ತಿ ಹೇಳಲು ಕಾರಣವಿದೆ. ಸ್ವಲ್ಪ ತೇವವಾದ ಮರಳು ಉಬ್ಬಿ ಕಾಲುಭಾಗದಷ್ಟು ಹೆಚ್ಚಿಗೆ ಜಾಗ ಹಿಡಿಯುತ್ತದೆ. ಟ್ರ್ಯಾಕ್ಟರ್ ಅಳತೆಯಲ್ಲಿ ಮಾರುವವರಿಗೆ ಈ ಭೌತಶಾಸ್ತ್ರ ಹಿಂದಿನಿಂದಲೂ ಗೊತ್ತು.

ಧರ್ಮಶಾಸ್ತ್ರ

ಹೊಳೆಯಿಂದ ಒಂದು ಬಾಂಡ್ಲಿ ತುಂಬಿಕೊಂಡು ಬಂದರೆ ಆಗದೇ? ಇಲ್ಲಿ ಪ್ರಬಂಧ ಗಂಭೀರವಾಗುತ್ತದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ 3ನೇ ಕಲಮಿನಲ್ಲಿ ‘ಸಾಮಾನ್ಯ ಮರಳು’ ಉಪಖನಿಜ. ನಿಗದಿಪಡಿಸಿದ ಉದ್ದೇಶಗಳಿಗೆ ಬಳಸುವ ಮರಳಿಗೆ ಮಾತ್ರ ಈ ‘ಸಾಮಾನ್ಯ’ ಎಂಬ ವಿಶೇಷಣವಿಲ್ಲ. ಆ ಉದ್ದೇಶಗಳಲ್ಲಿ ಪಿಂಗಾಣಿ ಇದೆ, ಗಾಜು ಇದೆ, ಕಲ್ಲಿದ್ದಲು ಗಣಿಯ ಪೊಳ್ಳು ತುಂಬುವುದೂ ಇದೆ. ಮೀನಿನ ಸುಖ ಇಲ್ಲ. ಇದರ ಫಲವನ್ನು ಓದುಗರು ಗಮನಿಸಬೇಕು: ತೊಟ್ಟಿಯ ನಾಲ್ಕು ಗೋಡೆಯ ಗಾಜಾಗಿ ನಿಂತಿರುವ ಮರಳು ಕಾನೂನಿನ ಕಣ್ಣಿಗೆ ಅಸಾಮಾನ್ಯ, ತಳದಲ್ಲಿ ಬಿದ್ದಿರುವ ಮರಳು ಸಾಮಾನ್ಯ. ಒಂದೇ ಕುಲದವು. ಒಂದಕ್ಕೆ ಬೆಂಕಿಯ ಸಂಸ್ಕಾರ ಆಗಿದೆ, ಅಷ್ಟೇ.

ಸಾಮಾನ್ಯನಾದರೂ ಪರ್ಮಿಟ್ ಬೇಕು. ಒಂದು ಬಾಂಡ್ಲಿಗೆ ಪರ್ಮಿಟ್ ಕೇಳಲು ಯಾವ ಅರ್ಜಿ ತುಂಬಬೇಕೆಂದು ವಿಚಾರಿಸಿದ ಕಚೇರಿಯಲ್ಲಿ ನನ್ನನ್ನು ಕೂರಿಸಿ ಟೀ ಕೊಟ್ಟರು. ಕಾಫಿ ಸೀಮೆಯ ಕಚೇರಿಯಲ್ಲಿ ಟೀ ಕೊಟ್ಟರೆಂದರೆ ಕೆಲಸ ಆಗುವುದಿಲ್ಲ ಎಂದು ತಿಳಿಯಬೇಕು.

ಎಂ ಸ್ಯಾಂಡ್ ಪೂರ್ವಪಕ್ಷ

“ಎಂ ಸ್ಯಾಂಡ್ ಹಾಕ್ಕೊಳಿ, ಬೇಕಾದಷ್ಟು ಸಿಗುತ್ತೆ” ಎನ್ನುವ ಪೂರ್ವಪಕ್ಷವೊಂದಿದೆ. ಬಂಡೆ ಒಡೆದು ಪುಡಿಮಾಡಿದ ಈ ಮರಳಿನ ಮೇಲೆ ರಾಸಾಯನಿಕವಾಗಿ ದೂರೇನಿಲ್ಲ. ಹೊಳೆಮರಳನ್ನು ಉಳಿಸಲೆಂದೇ ಬಂದದ್ದು, ಮನೆ ಕಟ್ಟುವವರಿಗೆ ಅದೇ ಸರಿ. ಆದರೆ ಕ್ರಶರಿನಿಂದ ನೇರ ಬಂದ ಕಾಳಿಗೆ ಅಂಚು ಹರಿತ. ತಳ ಕೆದಕುವ ಮೀನಿನ ಮೀಸೆ ಸವೆಯುತ್ತದೆ. ಅದರ ಬೂದುಬಣ್ಣದ ಹುಡಿ ಹತ್ತು ಸಲ ತೊಳೆದರೂ ನೀರಲ್ಲಿ ಮೋಡ ಕಟ್ಟುತ್ತದೆ.

ಹೊಳೆಯಲ್ಲಿ ಉರುಳಿ ಬಂದ ಕಾಳು ಬೇರೆ. ಹೇಮಾವತಿಯ ಮರಳು ನಮ್ಮ ಬೆಟ್ಟಗಳ ಕಲ್ಲು ಸವೆದು ಆದದ್ದು: ಬೆಣಚು, ನಡುನಡುವೆ ಅಭ್ರಕದ ಹೊಳಪು. ಮೂಲದಿಂದ ಹೆಚ್ಚು ದೂರ ಉರುಳಿಲ್ಲವಾದ್ದರಿಂದ ಪೂರ್ತಿ ನುಣುಪಾಗಿಲ್ಲ. ಪಿಯುಸಿ ಮುಗಿದಿದೆ, ಡಿಗ್ರಿ ಆಗಿಲ್ಲ ಎನ್ನಬಹುದು. ಈ ಹೊಳೆ ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿ ತಲಕಾಡಿಗೆ ಹೋಗುತ್ತದೆ. ತಲಕಾಡಿನ ಗುಡಿಗಳು ಮರಳಲ್ಲಿ ಹೂತದ್ದು ಅಲಮೇಲಮ್ಮನ ಶಾಪದಿಂದ ಎಂದು ಜನ, ನದಿಯ ತಿರುವು ಮತ್ತು ಗಾಳಿಯಿಂದ ಎಂದು ವಿಜ್ಞಾನಿಗಳು. ಇಬ್ಬರೂ ನಮ್ಮ ತಾಲ್ಲೂಕನ್ನು ಮರೆತಿದ್ದಾರೆ. ಶಾಪ ಅಲಮೇಲಮ್ಮನದಾದರೂ ಲೋಡ್ ಸಪ್ಲೈ ಮಾಡಿದವರಲ್ಲಿ ಸಕಲೇಶಪುರದ ಹೆಸರೂ ಬರಬೇಕು. ಕನ್ನಂಬಾಡಿ ಕಟ್ಟೆ ಕಟ್ಟಿ, 1979ರಲ್ಲಿ ಗೊರೂರಿನ ಅಣೆಕಟ್ಟೂ ಎದ್ದ ಮೇಲೆ ಆ ವ್ಯವಹಾರ ನಿಂತಿದೆ.

ವರ್ಣಾಧ್ಯಾಯ

ಅಂಗಡಿಗಳಲ್ಲಿ ನೀಲಿ, ಗುಲಾಬಿ ಬಣ್ಣದ ಕಲ್ಲುಗಳೂ ಒಂದು ಪ್ಲಾಸ್ಟಿಕ್ ಕೋಟೆಯೂ ಸಿಗುತ್ತವೆ. ಬೇಡ.

ಪರೀಕ್ಷಾಪ್ರಕರಣ

ಕೊನೆಗೆ ಮರಳು ಸಿಕ್ಕಿದ್ದು ಹಿತ್ತಲ ಆಚೆಯ ಮನೆಯಲ್ಲಿ. ಮನೆ ಕಟ್ಟಿ ಉಳಿದ ಹಳೆಯ ಹೊಳೆಮರಳಿನ ಗುಡ್ಡೆ, ಮೇಲೊಂದು ಹರಿದ ಟಾರ್ಪಾಲು. ಶುಂಠಿ ಹೂಳಿಡಲು, ಮೆಣಸಿನ ಬಳ್ಳಿ ಪ್ಯಾಕೆಟ್ಟಿಗೆ, ಮಕ್ಕಳ ಆಟಕ್ಕೆ ಆಗಿ ಮಿಕ್ಕದ್ದು. ಬೀದಿಯ ಬೆಕ್ಕುಗಳೆಲ್ಲ ಇದೇ ಮರಳನ್ನು ಆಯ್ಕೆ ಮಾಡಿಕೊಂಡಿವೆ ಎಂಬುದು ಕೈ ಹಾಕಿದ ಮೇಲೆ ತಿಳಿಯಿತು. ಸಣ್ಣಕಾಳಿನ ಮರಳನ್ನು ಗುರುತಿಸುವುದರಲ್ಲಿ ಬೆಕ್ಕಿನಷ್ಟು ನುರಿತ ಪ್ರಾಣಿ ಇನ್ನೊಂದಿಲ್ಲ. ಆದರೆ ಅದರ ಸಂಶೋಧನೆಗೂ ನಮ್ಮದಕ್ಕೂ ಉದ್ದೇಶ ಬೇರೆ.

ಅಲ್ಲಿ ಗೋಡೆ ತೇಪೆ ಹಾಕುತ್ತಿದ್ದ ಮೇಸ್ತ್ರಿ ಕೆಳಗಿಳಿದು ಬಂದು, “ಏನ್ ಗೌಡ್ರೆ, ಮೀನಿಗಾ? ಪ್ಲಾಸ್ಟ್ರಿಂಗೂ ಮಾಡ್ಕೊಡ್ಲಾ?” ಎಂದ. ಆಮೇಲೆ, ನಾನು ಮೂರು ವಾರ ಓದಿದ್ದನ್ನು ಮೂರು ನಿಮಿಷದಲ್ಲಿ ಮುಗಿಸಿದ. ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಉಜ್ಜಿ ಕೆಡವಿದ. ಅಂಗೈಗೆ ಕೆಸರಿನ ಕಲೆ ಅಂಟಿದರೆ ಮಣ್ಣು ಜಾಸ್ತಿ. ಖಾಲಿ ನೀರಿನ ಬಾಟ್ಲಿಗೆ ಅರ್ಧ ಮರಳು, ಮೇಲೆ ನೀರು ತುಂಬಿ ಕುಲುಕಿ ಇಟ್ಟ. ಮರಳು ತಕ್ಷಣ ಕೂತಿತು, ಗೋಡು ನಿಧಾನಕ್ಕೆ ಅದರ ಮೇಲೆ ಕೆನೆಯಂತೆ ನಿಂತಿತು. ಕೆನೆ ತೆಳ್ಳಗಿದ್ದರೆ ಸೈ. “ಇನ್ನೇನ್ ನೋಡ್ಬೇಕು?” ಎಂದ.

ಇನ್ನೊಂದು ನೋಡಬೇಕಿತ್ತು, ಅದು ಮೇಸ್ತ್ರಿಗೆ ಬೇಡದ್ದು, ಮೀನಿಗೆ ಬೇಕಾದದ್ದು. ಮರಳಿನಲ್ಲಿ ಕಪ್ಪೆಚಿಪ್ಪಿನ ಚೂರು, ಸುಣ್ಣದ ಅಂಶ ಇದ್ದರೆ ನೀರು ಗಡುಸಾಗಿ ಕ್ಷಾರಕ್ಕೆ ತಿರುಗುತ್ತದೆ. ಕಡಲತೀರದ ಹೊಯ್ಗೆ ಸಿಹಿನೀರಿಗೆ ಆಗದಿರುವುದು ಇದರಿಂದಲೇ. ಒಣಮರಳಿನ ಮೇಲೆ ವಿನಿಗರ್ ಬಿಟ್ಟು ನೊರೆ ಬರುತ್ತದಾ ನೋಡಬೇಕು. ವಿನಿಗರ್ ಇಲ್ಲದ್ದರಿಂದ ನಾನು ನಿಂಬೆಹಣ್ಣು ಹಿಂಡಿದೆ. ನೊರೆ ಬರಲಿಲ್ಲ. ಚಿತ್ರಾನ್ನಕ್ಕೆಂದು ಇಟ್ಟಿದ್ದ ಒಂದೇ ಹಣ್ಣು ಅದಾಗಿತ್ತೆಂಬುದು ಈ ಪ್ರಬಂಧದ ವ್ಯಾಪ್ತಿಯ ಹೊರಗಿನ ವಿಷಯ.

ಪ್ರಕ್ಷಾಲನ

ತೊಳೆಯುವುದು ಹದಿನಾಲ್ಕು ನೀರು. ಅರ್ಧ ಬಕೆಟ್ಟು ಮರಳು, ಮೇಲೆ ಪೈಪು ಬಿಟ್ಟು ಕೈಯಾಡಿಸಿ ಬಗ್ಗಿಸಬೇಕು. ಮೊದಲನೆಯದು ಗಟ್ಟಿ ಡಿಕಾಕ್ಷನ್, ಆಮೇಲಿನದು ಎರಡನೇ ಡಿಕಾಕ್ಷನ್. ಹಾಗೆ ಇಳಿಯುತ್ತ ಹೋಟೆಲಿನ ಕಾಫಿಯಾಗಿ, ಕೊನೆಗೆ ನೀರಾಗುತ್ತದೆ. ಸೋಪು ಮುಟ್ಟಿಸಬಾರದು. ಬೆಕ್ಕಿನ ಗೌರವಾರ್ಥ ಕುದಿನೀರನ್ನೂ ಸುರಿದೆ. ಮರಳು ಹಾಕಿ, ಅದರ ಮೇಲೊಂದು ತಟ್ಟೆಯಿಟ್ಟು ತಟ್ಟೆಗೇ ನೀರು ಬಿಟ್ಟರೆ ತಳ ಕದಡುವುದಿಲ್ಲ. ಅಷ್ಟಾದರೂ ಅಂದೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನ ಅಮೋನಿಯಾವನ್ನು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಮಾಡುವ ಬ್ಯಾಕ್ಟೀರಿಯಾಗಳು ಕಾಳುಕಾಳಿನ ಮೇಲೆ ಒಕ್ಕಲಾಗಲು ವಾರಗಳು ಬೇಕು.

ಮರಳು ದಪ್ಪವಾಗಿ, ಅಲುಗದೆ ಬಿದ್ದರೆ ಅಡಿಯಲ್ಲಿ ಗಾಳಿಯಿಲ್ಲದೆ ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಕಟ್ಟುತ್ತದೆ. ವಾರಕ್ಕೊಮ್ಮೆ ಹಂಚಿಕಡ್ಡಿಯಿಂದ ಅಲ್ಲಲ್ಲಿ ಚುಚ್ಚಬೇಕು. ಕಡ್ಡಿ ಆಡಿಸುವವರನ್ನು ಊರು ಒಳ್ಳೆಯವರೆನ್ನುವುದಿಲ್ಲ. ಮತ್ಸ್ಯಶಾಸ್ತ್ರದಲ್ಲಿ ಮಾತ್ರ ಅದು ನಿತ್ಯಕರ್ಮಕ್ಕೆ ಸಮ.

ಪರಿಶಿಷ್ಟ

ಈಗ ತೊಟ್ಟಿಯಲ್ಲಿ ಆರು ಕೊರಿಡೋರಸ್ ಇವೆ. ನಾಲ್ಕು ಸೆಂಟಿಮೀಟರ್ ಎಂದು ಅಡಿಕೋಲು ಹಿಡಿದು ಸಮ ಮಾಡಿದ್ದ ಮರಳನ್ನು ಅವು ಒಂದೇ ರಾತ್ರಿಯಲ್ಲಿ ಬಲಮೂಲೆಗೆ ಗುಡ್ಡೆ ಹಾಕಿ, ಎಡಮೂಲೆಯಲ್ಲಿ ಬರೀ ಗಾಜು ಉಳಿಸಿವೆ. ಲೆಕ್ಕದಲ್ಲಿ ಇದಕ್ಕೆ ಅವಕಾಶ ಇಟ್ಟಿರಲಿಲ್ಲ. ಇನ್ನೂ ಅರ್ಧ ಬಾಂಡ್ಲಿ ಬೇಕಾಗಿದೆ. ಆಲೂರು, ಸಕಲೇಶಪುರದ ಕಡೆ ಯಾರ ಮನೆಯಲ್ಲಾದರೂ ಗಾರೆ ಕೆಲಸ ಮುಗಿದು ಹಳೆಯ ಹೊಳೆಮರಳು ಉಳಿದಿದ್ದರೆ ದಯವಿಟ್ಟು ತಿಳಿಸಿ. ಚೀಲ, ಜರಡಿ ನಾನೇ ತರುತ್ತೇನೆ. ಬೆಕ್ಕಿಲ್ಲದ ಮನೆಯವರಿಗೆ ಆದ್ಯತೆ.