ಎಷ್ಟು ಬಂತು?

ನಮ್ಮ ಆಫೀಸಿನಲ್ಲಿ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. "ಎಷ್ಟು ಬಂತು?" ಅನ್ನುತ್ತಾರೆ. ಲಿಫ್ಟಿನಲ್ಲಿ ಸಿಕ್ಕರೂ ಎಷ್ಟು ಬಂತು, ಕಾಫಿ ಮೆಶೀನಿನ ಮುಂದೆ ನಿಂತಿದ್ದರೂ ಎಷ್ಟು ಬಂತು. ಹೊರಗಿನವರು ಕೇಳಿಸಿಕೊಂಡರೆ ಇವರದು ಬಡ್ಡಿ ವ್ಯವಹಾರ ಇರಬೇಕು ಅಂದುಕೊಂಡಾರು. ನಾವು ಕೇಳುವುದು ಸ್ಟ್ರೆಸ್ಸು, ಮೆಗಾಪಾಸ್ಕಲ್ ಲೆಕ್ಕದಲ್ಲಿ. ಉಕ್ಕಿನ ತುಂಡೊಂದರ ಮೇಲೆ ಭಾರ ಹೇರಿದಾಗ ಅದರ ಒಡಲೊಳಗೆ ಎಷ್ಟು ಬಿಗಿ ಹುಟ್ಟಿತು, ಆ ಉಕ್ಕು ತಾಳುವ ಮಿತಿ 250 ಆದರೆ ಇದು 180ಕ್ಕೆ ನಿಂತಿತೋ 300 ದಾಟಿತೋ, ಇಷ್ಟೇ ನಮ್ಮ ಸಂಸಾರ.

ಈ ಕೆಲಸವನ್ನು ಊರಿನಲ್ಲಿ ವಿವರಿಸಲು ಹೋಗಬಾರದು. ಹಬ್ಬಕ್ಕೆ ಹೋದಾಗ ಸೋದರಮಾವ ಕೇಳಿದರು: "ಬೆಂಗಳೂರಲ್ಲಿ ಅದೇನು ಮಾಡ್ತೀಯೋ ನೀನು?"

"ಸಾಮಾನು ಮುರಿಯುತ್ತೋ ಇಲ್ವೋ ಅಂತ ಕಂಪ್ಯೂಟರಲ್ಲಿ ನೋಡೋದು ಮಾವ."

"ಮುರಿದು ನೋಡಿದ್ರೆ ಗೊತ್ತಾಗಲ್ವೇನೋ?"

ಗೊತ್ತಾಗುತ್ತದೆ. ಆದರೆ ಮುರಿಯುವುದಕ್ಕೆ ಖರ್ಚು ಜಾಸ್ತಿ. ಅದನ್ನೇ ಹೇಳಿದೆ. "ಮುರಿಯದೆ ಸುಮ್ನೆ ನೋಡೋಕೆ ಇಷ್ಟು ಸಂಬಳ ಕೊಡ್ತಾರಾ!" ಎಂದು ಮಾವ ಎಲೆಗೆ ಸುಣ್ಣ ಸವರುವುದರಲ್ಲಿ ಮಗ್ನರಾದರು. ನನ್ನ ಕೆಲಸದ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆ ನಾನು ಎಲ್ಲೂ ಕೇಳಿಲ್ಲ.

ನೋಡುವ ಕ್ರಮ ಹೀಗೆ. ತುಂಡನ್ನು ಕಂಪ್ಯೂಟರಿನೊಳಗೆ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸುತ್ತೇವೆ. ಚೂರಿಗೆ ಎಲಿಮೆಂಟ್ ಎಂದೂ, ಚೂರುಗಳು ಒಂದನ್ನೊಂದು ಸಂಧಿಸುವ ಬಿಂದುವಿಗೆ ನೋಡ್ ಎಂದೂ ಹೆಸರು. ಬರ್ಕ್‌ಲಿಯ ಪ್ರೊಫೆಸರ್ ರೇ ಕ್ಲಫ್ 1960ರಲ್ಲಿ ಈ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂದು ನಾಮಕರಣ ಮಾಡಿದರು. ಹಿಡಿದಿಡುವ ಜಾಗ ಹಿಡಿದು, ಒತ್ತುವ ಜಾಗ ಒತ್ತಿ, ಲೆಕ್ಕ ಮಾಡು ಎಂದು ಬಿಟ್ಟು ಊಟಕ್ಕೆ ಹೋಗುತ್ತೇವೆ. ಬರುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಐದು ಲಕ್ಷ ನೋಡ್‌ಗಳ ಮಾಡೆಲ್ ಈಗ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಪ್ರತಿ ನೋಡ್‌ಗೂ ಮೂರು ದಿಕ್ಕಿನ ಸರಿತ (ಅಂದರೆ ಜರುಗಿದ ದೂರ), ಆರು ಬಗೆಯ ಸ್ಟ್ರೆಸ್. ಅಲ್ಲಿಗೆ 45 ಲಕ್ಷ ಅಂಕಿಗಳು ಫೈಲಿನಲ್ಲಿ ಬಂದು ಕೂತವು. ಅಷ್ಟೊತ್ತಿಗೆ ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ. ಅವರಿಗೆ ಬೇಕಾದದ್ದು ಒಂದೇ ಅಂಕಿ.

ಮೊದಲು ಅವರಿಗೆ ಚಿತ್ರ ತೋರಿಸುತ್ತೇನೆ. ಬಣ್ಣದ ಚಿತ್ರ ಎಂಥ ಮ್ಯಾನೇಜರನ್ನೂ ಸ್ವಲ್ಪ ಹೊತ್ತು ಸುಮ್ಮನಿರಿಸುತ್ತದೆ. ನೀಲಿಯಿಂದ ಕೆಂಪಿನವರೆಗೆ ಒಂಬತ್ತು ಬಣ್ಣ, ಅತಿ ಹೆಚ್ಚಿರುವ ಕಡೆ ಒಂದು ಪುಟ್ಟ ಚೀಟಿ, ಅತಿ ಕಡಿಮೆ ಇರುವ ಕಡೆ ಇನ್ನೊಂದು. ತೊಂದರೆ ಕೆಂಪಿನದು. ಕೆಂಪು ಎಂದರೆ ಅಪಾಯ ಎಂದು ಸಿಗ್ನಲ್ ದೀಪದಿಂದ ಕಲಿತವರು ನಾವು. ಇಲ್ಲಿ ಕೆಂಪು ಎಂದರೆ ಇದ್ದುದರಲ್ಲಿ ಹೆಚ್ಚು, ಅಷ್ಟೆ. ಇಡೀ ತುಂಡಿನಲ್ಲಿ ಅತಿ ಹೆಚ್ಚು ಸ್ಟ್ರೆಸ್ ಬರೀ 2 ಮೆಗಾಪಾಸ್ಕಲ್ ಇದ್ದರೂ, ಅದು ಇನ್ನೂ ನೂರು ವರ್ಷ ಹಾಯಾಗಿ ಬಾಳುವಂತಿದ್ದರೂ, ಆ 2 ಕೆಂಪಾಗಿಯೇ ಕಾಣುತ್ತದೆ. ಇದನ್ನು ತಿಳಿಯದ ಗ್ರಾಹಕರೊಬ್ಬರು "ಕೆಂಪು ಜಾಸ್ತಿ ಇದೆ, ಕಡಿಮೆ ಮಾಡಿಕೊಡಿ" ಎಂದು ಬರೆದಿದ್ದರು. ಬಣ್ಣದ ಪಟ್ಟಿಯ ಮೇಲಿನ ಮಿತಿಯನ್ನು 250ಕ್ಕೆ ಏರಿಸಿ ಕಳಿಸಿದೆವು. ತುಂಡು ಅದೇ, ಭಾರ ಅದೇ, ಉತ್ತರವೂ ಅದೇ. "ಈ ಡಿಸೈನ್ ಬಹಳ ಚೆನ್ನಾಗಿದೆ" ಎಂದು ಮರುಟಪಾಲು ಬಂತು.

ಬಾಗುವಿಕೆಯದ್ದು ಇನ್ನೊಂದು ಕಥೆ. ಎರಡು ಮೀಟರ್ ಉದ್ದದ ತೊಲೆ ನಿಜವಾಗಿ 0.3 ಮಿಲಿಮೀಟರ್ ಬಾಗಿದರೆ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಸಾಫ್ಟ್‌ವೇರು ತಾನಾಗಿಯೇ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ನಾವು ಬಳಸುವ ಆನ್ಸಿಸ್ ಎಂಬ ಸಾಫ್ಟ್‌ವೇರಿನ ಹಳೆಯ ಮುಖದಲ್ಲಿ, ಅಂದರೆ ಹಳೆಯ ಇಂಟರ್‌ಫೇಸಿನಲ್ಲಿ, ವಾಡಿಕೆ ಏನೆಂದರೆ, ಅತಿ ಹೆಚ್ಚಿನ ಸರಿತವನ್ನು ಮಾಡೆಲ್ಲಿನ ಉದ್ದದ ಶೇಕಡಾ 5ರಷ್ಟಕ್ಕೆ ಹಿಗ್ಗಿಸುವುದು. 0.3 ಹೋಗಿ ಪರದೆಯ ಮೇಲೆ 100 ಮಿಲಿಮೀಟರ್ ಆಗುತ್ತದೆ. ಅದಕ್ಕೆ ಚಲನೆ ಬೇರೆ ಕೊಟ್ಟುಬಿಟ್ಟರೆ ಉಕ್ಕಿನ ತೊಲೆ ಪರದೆಯಲ್ಲಿ ಕೋಲಾಟ ಶುರುಮಾಡುತ್ತದೆ, ನೋಡಿದವರ ಮುಖ ಬಿಳಿಚಿಕೊಳ್ಳುತ್ತದೆ. ಮೂಲೆಯಲ್ಲಿ ಎಷ್ಟು ಪಟ್ಟು ಹಿಗ್ಗಿಸಿದೆ ಎಂದು ಬರೆದೇ ಇರುತ್ತದೆ. ಮೂಲೆಯಲ್ಲಿ ಬರೆದದ್ದನ್ನು ಓದುವ ಜಾತಿಯ ಗ್ರಾಹಕರನ್ನು ನಾನಿನ್ನೂ ಕಂಡಿಲ್ಲ.

ಚಿತ್ರ ಮುಗಿದ ಮೇಲೆ ಶುರುವಾಗುವುದು ಬೆರಳು ತೋರಿಸುವ ಕಾರ್ಯಕ್ರಮ. "ಇಲ್ಲಿ ಎಷ್ಟು?" ಮೌಸಿನಿಂದ ಕುಟುಕಿದರೆ ಆ ನೋಡ್‌ನ ನಂಬರು, ಅದರ ವಿಳಾಸ, ಅಲ್ಲಿಯ ಸ್ಟ್ರೆಸ್ ಪುಟಿದು ಬರುತ್ತವೆ. ಗ್ರಾಹಕರು ಆನ್‌ಲೈನ್ ಮೀಟಿಂಗಿನಲ್ಲಿದ್ದರಂತೂ ಮುಗಿಯಿತು. "ಸ್ವಲ್ಪ ಎಡಕ್ಕೆ... ಎಡ ಅಂದ್ರೆ ನನ್ನ ಎಡಕ್ಕಲ್ಲ... ಹಾಂ, ಇನ್ನೊಂಚೂರು ಮೇಲೆ... ಅಯ್ಯೋ, ದಾಟಿಹೋಯ್ತು." ಒಂದೇ ಜಾಗದಲ್ಲಿ ಮುಂದೊಂದು ಹಿಂದೊಂದು ನೋಡ್ ಇದ್ದರೆ ಸಾಫ್ಟ್‌ವೇರು ಸಣ್ಣ ಕಿಟಕಿ ತೆರೆದು, ಇಲ್ಲಿ ಒಂದಕ್ಕಿಂತ ಹೆಚ್ಚು ಜನ ಇದ್ದಾರೆ, ನಿಮಗೆ ಯಾರು ಬೇಕು, ಮುಂದಿನವರೋ ಹಿಂದಿನವರೋ ಎಂದು ವಿನಯದಿಂದ ಕೇಳುತ್ತದೆ. ಅವಸರದಲ್ಲಿ ಓಕೆ ಒತ್ತಿದವನು ಎದುರಿನ ಗೋಡೆಯ ಬದಲು ಹಿತ್ತಲ ಗೋಡೆಯ ಸ್ಟ್ರೆಸ್ ಓದಿ ಹೇಳುತ್ತಾನೆ. ಅದನ್ನೂ ಅವರು ಬರೆದುಕೊಳ್ಳುತ್ತಾರೆ.

ಕುಟುಕುವುದು ಸಾಕಾದವರಿಗೆ ಆನ್ಸಿಸ್‌ನಲ್ಲಿ ಸ್ಟಾರ್ ಗೆಟ್ ಎಂಬ ಆಜ್ಞೆ ಇದೆ. ಮೆನುವಿನಿಂದ ಹೋದರೆ ಎರಡು ಪಟ್ಟಿಗಳು ಎದುರಾಗುತ್ತವೆ. ಎಡಗಡೆ ಮಾಡೆಲ್ಲಿನ ವಿಚಾರವೋ ಫಲಿತಾಂಶದ ವಿಚಾರವೋ ಆರಿಸಬೇಕು, ಬಲಗಡೆ ನೋಡ್‌ನದೋ ಎಲಿಮೆಂಟಿನದೋ. ಆಮೇಲೆ ಯಾವ ನಂಬರು, ಯಾವ ಬಾಬ್ತು, ಯಾವ ದಿಕ್ಕು, ಬಂದ ಉತ್ತರವನ್ನು ಯಾವ ಹೆಸರಿನ ಡಬ್ಬಿಯಲ್ಲಿ ಹಾಕಿಡಬೇಕು ಎಲ್ಲವನ್ನೂ ಹೇಳಬೇಕು. ಇಷ್ಟನ್ನೂ ಸರಿಯಾಗಿ ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಕೇಳಿದ್ದಕ್ಕೆ ಮಾತ್ರ ಉತ್ತರ. ಮಾಡೆಲ್ಲಿನಲ್ಲಿ ಎಷ್ಟು ನೋಡ್ ಇವೆ ಎಂದರೆ, ನಾನು ಆಗ ಆರಿಸಿಟ್ಟುಕೊಂಡಿರುವ ಗುಂಪಿನಲ್ಲಿ ಎಷ್ಟಿವೆ ಎಂದಷ್ಟೇ ಹೇಳುತ್ತದೆ. ಬೆಳಿಗ್ಗೆ ಯಾರೋ ಒಂದು ತೂತಿನ ಸುತ್ತಲಿನ ಹನ್ನೆರಡು ನೋಡ್ ಆರಿಸಿ, ಎಲ್ಲರನ್ನೂ ವಾಪಸು ಕರೆಯುವ ಆಲ್‌ಸೆಲ್ ಆಜ್ಞೆ ಕೊಡದೆ ಟೀ ಕುಡಿಯಲು ಹೋಗಿದ್ದರೆ, ಮಧ್ಯಾಹ್ನ ಇಡೀ ಕ್ರೇನಿನ ಅತಿ ಹೆಚ್ಚಿನ ಸ್ಟ್ರೆಸ್ ಕೇಳಿದರೂ ಆ ತೂತಿನ ಸುತ್ತಲಿನದೇ ಬರುತ್ತದೆ. ಉತ್ತರ ಸುಳ್ಳಲ್ಲ. ಪ್ರಶ್ನೆ ನಾವು ಅಂದುಕೊಂಡದ್ದಲ್ಲ.

ಆನ್ಸಿಸ್‌ಗೆ ಇನ್ನೊಂದು ವಿಚಿತ್ರ ಸೌಜನ್ಯವಿದೆ. ಗೊತ್ತಿಲ್ಲದ ಡಬ್ಬಿಯ ಹೆಸರು ಹೇಳಿದರೆ ಗೊತ್ತಿಲ್ಲ ಎಂದು ಕೆಲಸ ನಿಲ್ಲಿಸದೆ ಒಂದು ಅತಿ ಸಣ್ಣ ಅಂಕಿಯನ್ನು ಕೈಗಿಡುತ್ತದೆ. ಒಂದನ್ನು ನೂರು ಸಲ ಅರ್ಧ ಮಾಡುತ್ತ ಹೋದರೆ ಉಳಿಯುವಷ್ಟು: ಬಿಂದುವಿನ ಮುಂದೆ 30 ಸೊನ್ನೆ, ಆಮೇಲೆ 789. ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗ ಎಸ್‌ಮ್ಯಾಕ್ಸ್ ಎಂಬ ಡಬ್ಬಿಯಲ್ಲಿ ಸ್ಟ್ರೆಸ್ ತುಂಬಿಸಿಟ್ಟು, ಭಾಗಾಕಾರದ ಸಾಲಿನಲ್ಲಿ ಆ ಹೆಸರನ್ನು ಒಂದಕ್ಷರ ಬಿಟ್ಟು ಬರೆದ. 250ನ್ನು ಆ ಅತಿ ಸಣ್ಣ ಅಂಕಿಯಿಂದ ಭಾಗಿಸಿದರೆ ಎಷ್ಟಾಗಬೇಕೋ ಅಷ್ಟಾಯಿತು. ಮಿತಿಯನ್ನು ಸ್ಟ್ರೆಸ್ಸಿನಿಂದ ಭಾಗಿಸಿದರೆ ಬರುವ ಸುರಕ್ಷತೆಯ ಅಂಶ 1.5 ಇದ್ದರೆ ಸಾಕು ಎನ್ನುವ ಕಡೆ, ವರದಿಯಲ್ಲಿ 3ರ ಪಕ್ಕ 32 ಸೊನ್ನೆ. ಪಕ್ಕದ ಅಂಕಣದಲ್ಲಿ ಹುಡುಗ ಹಸಿರು ಬಣ್ಣ ಬಳಿದು "ಸುರಕ್ಷಿತ" ಎಂದು ಬರೆದಿದ್ದ. ಆ ತಗಡಿನ ಬ್ರಾಕೆಟ್ಟು ಸೂರ್ಯ ಆರಿಹೋದ ಮೇಲೂ ನೇತಾಡುತ್ತಿರಬೇಕಿತ್ತು.

ಹಿಂದೆ ಇಂಥ ಅವಸರಕ್ಕೆ ಅವಕಾಶವಿರಲಿಲ್ಲ. ಜಾನ್ ಸ್ವಾನ್ಸನ್ ಎಂಬ ಎಂಜಿನಿಯರು ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಆಸ್ಟ್ರೋನ್ಯೂಕ್ಲಿಯರ್ ಲ್ಯಾಬೊರೇಟರಿಯಲ್ಲಿದ್ದಾಗ, ಈ ಲೆಕ್ಕಗಳಿಗೆಲ್ಲ ಒಂದೇ ಪ್ರೋಗ್ರಾಮ್ ಬರೆದುಬಿಡೋಣ ಎಂದರಂತೆ. ಬೇಡ ಅಂದರು. 1969ರಲ್ಲಿ ಕೆಲಸ ಬಿಟ್ಟು, ಮರುವರ್ಷ ತಮ್ಮ ತೋಟದ ಮನೆಯಲ್ಲೇ ಕಂಪನಿ ತೆರೆದು ಆನ್ಸಿಸ್ ಬರೆದರು. ಬೇಡ ಅಂದಿದ್ದ ವೆಸ್ಟಿಂಗ್‌ಹೌಸೇ ಮೊದಲ ಗಿರಾಕಿ. ರಂಧ್ರ ಕೊರೆದ ಕಾರ್ಡುಗಳು, ಗಂಟೆಗಿಷ್ಟು ಎಂದು ಬಾಡಿಗೆಗೆ ಪಡೆದ ಮೇನ್‌ಫ್ರೇಮು. ಬಾಡಿಗೆ ಆಟೋದ ಮೀಟರ್ ಓಡುತ್ತಿರುವಾಗ ಯಾರೂ ಅಡ್ರೆಸ್ ಹುಡುಕಲು ಹೊರಡುವುದಿಲ್ಲ. ಮೊದಲೇ ಕೇಳಿಕೊಂಡು ಹತ್ತುತ್ತಾರೆ. ಆ ಕಾಲದ ಎಂಜಿನಿಯರು ಯಾವ ನೋಡ್‌ನ ಯಾವ ಅಂಕಿ ಬೇಕು ಎಂದು ಕಾಗದದ ಮೇಲೆ ಯೋಚಿಸಿ, ಬಹುಶಃ ಉತ್ತರವನ್ನೂ ಅಂದಾಜು ಮಾಡಿಕೊಂಡೇ ಕಾರ್ಡು ಕೊಡುತ್ತಿದ್ದ. ನಮಗೆ ಕುಟುಕುವುದು ಪುಕ್ಕಟೆ. ಹೀಗಾಗಿ ಮೊದಲು ಕುಟುಕುತ್ತೇವೆ, ಆಮೇಲೆ ಯಾಕೆ ಕುಟುಕಿದೆವು ಎಂದು ಮೀಟಿಂಗ್ ಕರೆಯುತ್ತೇವೆ.

ಎಲ್ಲಕ್ಕಿಂತ ದೊಡ್ಡ ತಮಾಷೆ ಒಳಮೂಲೆಗಳದ್ದು. ಇಂಗ್ಲಿಷ್ ಎಲ್ ಅಕ್ಷರದ ಆಕಾರದ ಬ್ರಾಕೆಟ್ಟಿನ ಒಳಮೂಲೆಯನ್ನು ಚೂಪಾಗಿ, ಒಂಚೂರೂ ದುಂಡಗೆ ಮಾಡದೆ ಬರೆದರೆ, ಗಣಿತದ ಪ್ರಕಾರ ಅಲ್ಲಿಯ ಸ್ಟ್ರೆಸ್ ಅನಂತ. ಕಂಪ್ಯೂಟರಿಗೆ ಅನಂತ ಬರೆಯಲು ಬಾರದು. ಚೂರುಗಳು ಎಷ್ಟು ಸಣ್ಣವೋ ಅಷ್ಟು ದೊಡ್ಡ ಅಂಕಿ ಕೊಡುತ್ತದೆ. ಚೂರು ದಪ್ಪಗಿದ್ದಾಗ 210 ಬಂದದ್ದು, ಅರ್ಧ ಮಾಡಿದರೆ 290, ಇನ್ನೂ ಅರ್ಧ ಮಾಡಿದರೆ 400. ಹಿಂದೆ ನಿಂತ ಮ್ಯಾನೇಜರು ಕೇಳುತ್ತಾರೆ, "ಎಷ್ಟು ಬಂತು?" ಈ ಒಂದು ಸಂದರ್ಭದಲ್ಲಿ ಪ್ರಾಮಾಣಿಕ ಎಂಜಿನಿಯರು ಕೊಡಬಹುದಾದ ಉತ್ತರ ಒಂದೇ: "ಎಷ್ಟು ಬೇಕು ಸಾರ್?"

ಅವರು ನಗುವುದಿಲ್ಲ. ತಮಾಷೆ ಎಂದುಕೊಂಡರೆ ತಾನೇ ನಗುವುದು. "ಇನ್ನೂರರ ಒಳಗೆ ಇರಲಿ" ಎನ್ನುತ್ತಾರೆ.

ಹಾಗೆ ಮಾಡುವುದಿಲ್ಲ. ಕಾರ್ಖಾನೆಯಲ್ಲಿ ಅಷ್ಟು ಚೂಪು ಮೂಲೆ ಯಾವ ಮೆಶೀನಿನಿಂದಲೂ ಬರುವುದಿಲ್ಲವಾದ್ದರಿಂದ ನಿಜವಾದ ದುಂಡನ್ನು ಮಾಡೆಲ್ಲಿನಲ್ಲೂ ಕೊಟ್ಟು ಮತ್ತೆ ನೋಡುತ್ತೇವೆ. ಬೆಸುಗೆಯ ಅಂಚಾದರೆ ಅದೂ ಆಗದು. ಅದಕ್ಕೆ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೆಲ್ಡಿಂಗ್‌ನವರು ಹೇಳಿಕೊಟ್ಟ ಉಪಾಯ ನನಗೆ ಬಹಳ ಇಷ್ಟ. ಬೆಸುಗೆಯ ಸ್ಟ್ರೆಸ್ ಬೇಕಿದ್ದರೆ ಬೆಸುಗೆಯನ್ನೇ ಕೇಳಕೂಡದು. 10 ಮಿಲಿಮೀಟರ್ ದಪ್ಪದ ತಗಡಾದರೆ, ಅಂಚಿನಿಂದ 4 ಮಿಲಿಮೀಟರ್ ಆಚೆ ಒಮ್ಮೆ, 10 ಮಿಲಿಮೀಟರ್ ಆಚೆ ಒಮ್ಮೆ ವಿಚಾರಿಸಬೇಕು. ಮೊದಲನೆಯದನ್ನು 1.67ರಿಂದ ಗುಣಿಸಿ, ಎರಡನೆಯದರ 0.67 ಭಾಗವನ್ನು ಅದರಿಂದ ಕಳೆದರೆ ಅಂಚಿನ ಸಂಗತಿ ಗೊತ್ತಾಗುತ್ತದೆ. ಇದನ್ನು ನಾನು ವಿವರಿಸಿದಾಗ ನಮ್ಮ ಮನೆಯಾಕೆ, "ಇದಕ್ಕೆ ಯಾಕ್ರೀ ಇನ್‌ಸ್ಟಿಟ್ಯೂಟು? ನನ್ನ ಮದುವೆಗೆ ಮುಂಚೆ ನಮ್ಮಪ್ಪ ನಿಮ್ಮ ಬಗ್ಗೆ ವಿಚಾರಿಸಿದ್ದು ನಿಮ್ಮ ಮನೇಲಾ?" ಎಂದಳು. ಎದುರು ಮನೆಯಲ್ಲಿ ಒಮ್ಮೆ, ಬೀದಿ ಕೊನೆಯ ಅಂಗಡಿಯಲ್ಲಿ ಒಮ್ಮೆ. ಎಷ್ಟರಿಂದ ಗುಣಿಸಿದರೋ ಕೇಳುವ ಧೈರ್ಯ ನನಗಾಗಲಿಲ್ಲ.

ಈಗಿನ ಹುಡುಗರು ಮೆನುವಿನ ತಂಟೆಗೇ ಹೋಗುವುದಿಲ್ಲ. ಪೈಆನ್ಸಿಸ್ ಎಂಬ ಪೈಥಾನ್ ಸಲಕರಣೆ ಬಂದಿದೆ. ನಾಲ್ಕು ಸಾಲು ಬರೆದರೆ ಸ್ಟ್ರೆಸ್ಸು, ಸರಿತ, ತೂಕ ಎಲ್ಲ ಎತ್ತಿ ನೇರ ಎಕ್ಸೆಲ್ಲಿಗೆ, ಅಲ್ಲಿಂದ ಸ್ಲೈಡಿಗೆ. ನಡುವೆ ಯಾವ ಮನುಷ್ಯನ ಕಣ್ಣೂ ತಾಗುವುದಿಲ್ಲ, ದೃಷ್ಟಿಯಾಗುವ ಭಯವೂ ಇಲ್ಲ. ಮೇಲೆ ಹೇಳಿದ ಹುಡುಗ ಈಗ ಇದರಲ್ಲಿ ಪಳಗಿದ್ದಾನೆ. ಮೊನ್ನೆ ಅಂಗೈ ಅಗಲದ, ಎರಡು ಕಿಲೋ ತೂಗುವ ಬ್ರಾಕೆಟ್ಟಿನ ಲೆಕ್ಕ ಮಾಡುತ್ತಿದ್ದ. ಆನ್ಸಿಸ್‌ನ ಹಳೆಯ ಮುಖಕ್ಕೆ ಅಳತೆಯ ಮಾನ ಎಂಬುದೇ ಇಲ್ಲ, ಕೊಟ್ಟವನೇ ನೆನಪಿಟ್ಟುಕೊಳ್ಳಬೇಕು. ಉದ್ದ ಮಿಲಿಮೀಟರಿನಲ್ಲಿದ್ದು ಬಲ ನ್ಯೂಟನ್ನಿನಲ್ಲಿದ್ದರೆ ತೂಕ ಟನ್ನಿನಲ್ಲಿ ಬರುತ್ತದೆ. ಉಕ್ಕಿನ ಸಾಂದ್ರತೆಯನ್ನು ಬಿಂದುವಿನ ಮುಂದೆ ಎಂಟು ಸೊನ್ನೆ ಹಾಕಿ 785 ಎಂದು ಬರೆಯಬೇಕು. ಹುಡುಗ ಪುಸ್ತಕದಲ್ಲಿದ್ದಂತೆ 7850 ಎಂದು ಬರೆದ. ಆ ಲೆಕ್ಕದಲ್ಲಿ ಬ್ರಾಕೆಟ್ಟಿನ ಸ್ವಂತ ಭಾರ ಸೇರಿರಲಿಲ್ಲವಾದ್ದರಿಂದ ಸ್ಟ್ರೆಸ್ ಸರಿಯಾಗಿಯೇ ಬಂತು, ಯಾರಿಗೂ ಅನುಮಾನ ಬರಲಿಲ್ಲ. ತೂಕ ಮಾತ್ರ 200 ಕೋಟಿ ಟನ್. ಇಡೀ ಜಗತ್ತಿನ ಉಕ್ಕಿನ ಕಾರ್ಖಾನೆಗಳೆಲ್ಲ ಸೇರಿ ವರ್ಷವಿಡೀ ದುಡಿದರೆ ತಯಾರಾಗುವುದು ಸುಮಾರು 190 ಕೋಟಿ ಟನ್.

ಸ್ಲೈಡಿನಲ್ಲಿ ಅದು "2.0ಇ+09 ಟನ್" ಎಂದು ಬಂದಿತ್ತು. ಮ್ಯಾನೇಜರು ಕನ್ನಡಕ ಏರಿಸಿ ನೋಡಿದರು. ಮೊದಲಿನ 2.0 ಅವರಿಗೆ ಕಾಣಿಸಿತು. ಬಾಲ ಕಾಣಿಸಲಿಲ್ಲ.

"ಎರಡು ಟನ್ನೇನಯ್ಯಾ? ಜಾಸ್ತಿ ಆಯ್ತಲ್ಲ. ಗ್ರಾಹಕರು ಒಪ್ಪಲ್ಲ" ಎಂದರು. "ಅಲ್ಲಲ್ಲಿ ತೂತು ಹೊಡೆದು ಹತ್ತು ಪರ್ಸೆಂಟ್ ಇಳಿಸು. ಸಂಜೆಯೊಳಗೆ ಆಗುತ್ತಾ?"

"ಆಗುತ್ತೆ ಸಾರ್" ಎಂದ ಹುಡುಗ.