ಮಣ್ಣಿಗೆ ಕಾಯಿಲೆಯೇ ಇಲ್ಲ

ತಮಿಳುನಾಡಿನ ಕಂಬಂ ಕಣಿವೆಯಲ್ಲಿರುವ ನಮ್ಮ ಕೊಂಬೈ ಊರಿನ ಮಣ್ಣು ಗಟ್ಟಿಮುಟ್ಟಾಗಿದೆ. ಹೇಳಿದ್ದು ನಾನಲ್ಲ, ಸರ್ಕಾರದ ಮಣ್ಣು ಆರೋಗ್ಯ ಕಾರ್ಡು. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮಣ್ಣಿಗೆ 12 ಪರೀಕ್ಷೆ: ರಸಸಾರ, ಸಾರಜನಕ, ರಂಜಕ, ಸತು, ತಾಮ್ರ ಇತ್ಯಾದಿ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸದ ಸುದ್ದಿಯೇ ಇಲ್ಲ. ಕೇಳದ ಕಾಯಿಲೆ ಬರುವುದಾದರೂ ಹೇಗೆ? ಕಾರ್ಡು ತಮಿಳಿನಲ್ಲಿ ಬರುತ್ತದೆ; ಕನ್ನಡ ಮನೆಮಾತಿನ ನಾವು ಕಾಪಿಲಿಯರು ಮನೆಗೆ ತಂದು ಕನ್ನಡದಲ್ಲಿ ಬೈಯುತ್ತೇವೆ.

ತಾಮ್ರವನ್ನು ವಿಚಾರಿಸುತ್ತಾರೆ, ನಿಜ. ಕಡಿಮೆಯಿದೆಯೇ ಎಂದು ಮಾತ್ರ. ಹೊಟ್ಟೆ ಬಿರಿಯುವಷ್ಟು ತಿಂದು ನರಳುವವನ ನಾಡಿ ಹಿಡಿದು ವೈದ್ಯ ‘ಪುಷ್ಟಿ ಸಾಕಷ್ಟಿದೆ’ ಎಂದು ಬರೆದುಕೊಟ್ಟ ಹಾಗೆ. ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಗೌರವ ಸಿಕ್ಕಿತು. ದ್ರಾಕ್ಷಿ ಅಂದಮೇಲೆ ಬೂಜುರೋಗ, ಬೂಜು ಅಂದಮೇಲೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ. ತಾಮ್ರ ಕೊಳೆಯದು, ಆವಿಯಾಗದು. ಎಲೆಯಿಂದ ಮಳೆ ತೊಳೆದಿಳಿಸಿದ್ದು ಮೇಲ್ಮಣ್ಣಿನಲ್ಲೇ ಠಿಕಾಣಿ ಹೂಡುತ್ತದೆ. ಹೆಚ್ಚಾದರೆ ಮೊದಲು ಗೊತ್ತಾಗುವುದು ಎರೆಹುಳುವಿಗೆ. ಅದಕ್ಕೆ ಯಾರೂ ಕಾರ್ಡು ಕೊಟ್ಟಿಲ್ಲ.

ನಮಗೆ ತಾಮ್ರವಾದರೆ ನೆರೆಯ ದಿಂಡಿಗಲ್ಲಿನವರ ಪಾಲಿಗೆ ಬಂದದ್ದು ಕ್ರೋಮಿಯಂ. ಚರ್ಮ ಹದಮಾಡುವ ಕಾರ್ಖಾನೆಗಳ ನೀರು ಹೊಲ, ಬಾವಿ ಸೇರಿತು. 1996ರಲ್ಲಿ ಸುಪ್ರೀಂ ಕೋರ್ಟು ದಿಂಡಿಗಲ್ ಸೇರಿ ಐದು ಜಿಲ್ಲೆಗಳ ಚರ್ಮದ ಕಾರ್ಖಾನೆಗಳಿಗೆ ಮಾಲಿನ್ಯದ ದಂಡ ಹಾಕಿತು: ತಲಾ 10,000 ರೂಪಾಯಿ. (ಪರಿಹಾರದ ಲೆಕ್ಕ ಹಾಕಲು ಬೇರೆ ಪ್ರಾಧಿಕಾರ ನೇಮಿಸಲು ಹೇಳಿತು.) ದಂಡದ ದುಡ್ಡು ಕರಗುತ್ತದೆ, ಕ್ರೋಮಿಯಂ ಕರಗುವುದಿಲ್ಲ.

ಉಪಾಯಗಳಿಲ್ಲವೇ? ಇವೆ. ಸುಣ್ಣ, ಕೊಟ್ಟಿಗೆ ಗೊಬ್ಬರ ಹಾಕಿ ಎಷ್ಟೋ ಲೋಹಗಳನ್ನು ಬೇರಿಗೆ ದಕ್ಕದಂತೆ ಕಟ್ಟಿಹಾಕಬಹುದು. ಸಾಸಿವೆಯಂಥ ಗಿಡ ಬೆಳೆದು ಹೀರಿಸಬಹುದು. ಆ ಬೆಳೆಯನ್ನು ತಿನ್ನುವಂತಿಲ್ಲ, ದನಕ್ಕೆ ಹಾಕುವಂತಿಲ್ಲ, ವರ್ಷಗಟ್ಟಲೆ ಹೊಲ ಬಿಟ್ಟುಕೊಡಬೇಕು. ಅಷ್ಟು ವರ್ಷದ ಸಾಲದ ಬಡ್ಡಿ ಹೀರುವ ತಳಿಯನ್ನು ಕೃಷಿ ವಿಜ್ಞಾನಿಗಳು ಇನ್ನೂ ಬಿಡುಗಡೆ ಮಾಡಿಲ್ಲ.

ಇನ್ನೊಂದು ಉಪಾಯ ಸುಲಭ: ಮಿತಿಯನ್ನೇ ಮೇಲಕ್ಕೇರಿಸುವುದು. ಕೊಡೈಕೆನಾಲಿನ ಹಿಂದುಸ್ತಾನ್ ಲಿವರ್ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಪಾದರಸ ಮಣ್ಣಿನಲ್ಲಿ ಉಳಿಯಿತು. ಮೊದಲು ಕಿಲೋ ಮಣ್ಣಿಗೆ 10 ಮಿಲಿಗ್ರಾಂ ಎಂದಿದ್ದ ಶುದ್ಧೀಕರಣದ ಗುರಿ ಆಮೇಲೆ 20 ಆಯಿತು. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಪೇಟೆ ಕಸದ ಗೊಬ್ಬರಕ್ಕಿರುವ ಪಾದರಸದ ಮಿತಿ ಕಿಲೋಗೆ 0.15 ಮಿಲಿಗ್ರಾಂ. ಆ 20ರ ಗುರಿ ಮುಟ್ಟಿದ ‘ಶುದ್ಧ’ ಮಣ್ಣನ್ನು ಚೀಲಕ್ಕೆ ತುಂಬಿ ನಾನು ಗೊಬ್ಬರವೆಂದು ಮಾರಿದರೆ ಕೇಸು. ಎರಡು ಅಂಕಿಗಳ ನಡುವಿನ ಅಂತರ ಸುಮಾರು 133 ಪಟ್ಟು. ಅದರೊಳಗೆ ಎಷ್ಟು ಸಲಹೆಗಾರರು, ವಕೀಲರು ಸಂಸಾರ ಹೂಡಿ ಮಕ್ಕಳನ್ನು ಓದಿಸಿದರೋ!