ಸ್ಕ್ಯಾನ್-ತಂತ್ರಾಂಶ ಲಕ್ಷಣ ಪ್ರಕರಣ

ಶಾಸ್ತ್ರಾರಂಭದಲ್ಲಿ ಅಧಿಕಾರಿಯನ್ನು ನಿರ್ಣಯಿಸಬೇಕೆಂಬುದು ಹಿರಿಯರ ಕಟ್ಟಳೆ. ಅಟ್ಟದ ಮೇಲೊಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ಸ್ಟುಡಿಯೋದವರು ತುಂಡು ಮಾಡಿ ಕೊಟ್ಟ ನೆಗೆಟಿವ್‌ಗಳು, ಮೇಜಿನ ಮೇಲೊಂದು ಸ್ಕ್ಯಾನರ್ ಮತ್ತು ಬಿಡುವಾದ ಭಾನುವಾರ ಉಳ್ಳವನು ಉತ್ತಮಾಧಿಕಾರಿ. ಸ್ಕ್ಯಾನರ್ ಬದಲು ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಲೈಟ್ ಪ್ಯಾಡ್ ಉಳ್ಳವನು ಮಧ್ಯಮ. ತಾನೇ ಉತ್ತಮನೆಂದು ಅವನು ವಾದಿಸುವುದುಂಟು, ಕೆಲವೊಮ್ಮೆ ಗೆಲ್ಲುವುದೂ ಉಂಟು. ಡಬ್ಬಿಯನ್ನು ಹಾಗೇ ಅಂಗಡಿಗೆ ಕೊಟ್ಟು ಬರುವವನು ಅನಧಿಕಾರಿ. ಮೂವರಲ್ಲಿ ಸುಖಿ ಅವನೇ.

ಇಲ್ಲಿ ಪೂರ್ವಪಕ್ಷ: 'ನೆಗೆಟಿವ್ ಎಂದರೆ ತಲೆಕೆಳಗಾದ ಬಣ್ಣ ತಾನೆ? ಇನ್ವರ್ಟ್ ಒತ್ತಿದರೆ ಆಯಿತು, ತಂತ್ರಾಂಶದ ಶಾಸ್ತ್ರವೇಕೆ?' ಒತ್ತಿ ನೋಡಲಿ. ವಧೂವರರ ಜೊತೆ ಪುರೋಹಿತರೂ ನೀಲಿಗಟ್ಟಿ ನಿಲ್ಲುತ್ತಾರೆ. ಕಲರ್ ನೆಗೆಟಿವ್‌ಗೆ ಕಿತ್ತಳೆ ಬಣ್ಣದ ಮುಸುಕೊಂದಿದೆ. ಫಿಲಂನ ವರ್ಣದ್ರವ್ಯಗಳು ಪೂರ್ತಿ ಶುದ್ಧವಲ್ಲದ್ದರಿಂದ ಆ ದೋಷವನ್ನು ಸರಿದೂಗಿಸಲು ತಯಾರಕರೇ ಇಟ್ಟದ್ದು ಅದು. ಕಾಗದಕ್ಕೆ ಪ್ರಿಂಟ್ ಹಾಕುವವರಿಗೆ ಅದು ವರ, ಸ್ಕ್ಯಾನ್ ಮಾಡುವವರಿಗೆ ಶಾಪ. ಎರಡು ಫ್ರೇಮುಗಳ ನಡುವಿನ ಖಾಲಿ ಪಟ್ಟಿಯನ್ನು ತೋರಿಸಿ, ಮುಸುಕು ಇಷ್ಟೇ ಎಂದು ಹೇಳಿಕೊಟ್ಟರೆ ಅಷ್ಟನ್ನೇ ಕಳೆಯಬಲ್ಲ ತಂತ್ರಾಂಶ ಬೇಕು. ಪೂರ್ವಪಕ್ಷ ನಿರಸ್ತ.

ತಂತ್ರಾಂಶಗಳು ನಾಲ್ಕು ವಿಧ. ಸ್ಕ್ಯಾನರಿನ ಪೆಟ್ಟಿಗೆಯಲ್ಲೇ ಬರುವುದು ಸಹಜ. ಎಪ್ಸನ್ ಸ್ಕ್ಯಾನ್ ಈ ಕುಲದ್ದು, ಅವಸರದವರಿಗೆ ಸಾಕು. ಇದರ ಆಯುಸ್ಸು ಮಾತ್ರ ಕಂಪನಿಯ ಕೃಪೆ. ನಿಕಾನ್ ಕಂಪನಿಯ ಕೂಲ್‌ಸ್ಕ್ಯಾನ್ ಯಂತ್ರಗಳು ಇಂದಿಗೂ ಗಟ್ಟಿಮುಟ್ಟಾಗಿವೆ, ಅವುಗಳ ನಿಕಾನ್ ಸ್ಕ್ಯಾನ್ ತಂತ್ರಾಂಶವನ್ನು ಕಂಪನಿ ಕೈಬಿಟ್ಟು ಬಹುಕಾಲವಾಯಿತು. ಇಂಥ ಅನಾಥರಿಗೆ ಆಶ್ರಯ ಕೊಡುವುದು ಎರಡನೆಯ ವಿಧ, ಸಾರ್ವತ್ರಿಕ. ಎಡ್ ಹ್ಯಾಮ್ರಿಕ್ 1998ರಲ್ಲಿ ಹೊರತಂದ ವ್ಯೂಸ್ಕ್ಯಾನ್ ಇದರ ಆದಿಪುರುಷ. ಸಾವಿರಾರು ಮಾದರಿಯ ಸ್ಕ್ಯಾನರುಗಳನ್ನು ಅದು ಗುರುತಿಸುತ್ತದೆ. ಮುಖ ನೋಡಿದರೆ ಆದಾಯ ತೆರಿಗೆಯ ಫಾರಂ ನೆನಪಾಗುತ್ತದೆ. ತುಂಬಿಸಲು ಕಲಿತವರು ಮತ್ತೆ ಬೇರೆಯದನ್ನು ಮುಟ್ಟುವುದಿಲ್ಲ. ಮೂರನೆಯದು ಏಕನಿಷ್ಠ: ಜರ್ಮನಿಯ ಕೀಲ್ ನಗರದ ಲೇಸರ್‌ಸಾಫ್ಟ್‌ನವರ ಸಿಲ್ವರ್‌ಫಾಸ್ಟ್. ಒಂದೊಂದು ಫಿಲಂಗೂ ಪ್ರತ್ಯೇಕ ವರ್ಣಲೆಕ್ಕ ಇಟ್ಟುಕೊಂಡಿರುವ ಪಂಡಿತ. ಆದರೆ ಅದರ ಲೈಸೆನ್ಸ್ ಸಾಮಾನ್ಯವಾಗಿ ಒಂದು ಮಾದರಿಯ ಸ್ಕ್ಯಾನರಿಗಷ್ಟೇ. ಯಂತ್ರ ಬದಲಾದರೆ ಮತ್ತೆ ದಕ್ಷಿಣೆ. ನಾಲ್ಕನೆಯದು ಪರಾಶ್ರಿತ, ಮಧ್ಯಮಾಧಿಕಾರಿಗೆ ಹೇಳಿ ಮಾಡಿಸಿದ್ದು. ನೆಗೆಟಿವ್ ಲ್ಯಾಬ್ ಪ್ರೋ ಲೈಟ್‌ರೂಮಿನ ಮನೆಯಲ್ಲಿ ಬಾಡಿಗೆಗಿದೆ. ಕಾಸಿಲ್ಲದವರಿಗೆ ಡಾರ್ಕ್‌ಟೇಬಲ್‌ನೊಳಗಿನ ನೆಗಡಾಕ್ಟರ್ ಇದೆ. ಬಿಟ್ಟಿ ಸಿಕ್ಕಿದರೂ ಕಲಿಯಲು ತಪಸ್ಸು ಬೇಕು.

ಇನ್ನು ಶುದ್ಧಿ ವಿಚಾರ. ಮೋಸ ಹೋಗುವವರು ಹೆಚ್ಚಾಗಿ ಹೋಗುವುದು ಇಲ್ಲೇ. ದೂಳು, ಗೀರು ತೆಗೆಯಲು ಸ್ಕ್ಯಾನರ್ ಅವಕೆಂಪು ಬೆಳಕನ್ನು ಹಾಯಿಸುತ್ತದೆ. ಕಲರ್ ಫಿಲಂನ ವರ್ಣದ್ರವ್ಯ ಆ ಬೆಳಕಿಗೆ ಪಾರದರ್ಶಕ, ದೂಳು ಅಲ್ಲ. ಆದ್ದರಿಂದ ಅಲ್ಲಿ ಕಪ್ಪಾಗಿ ಕಂಡದ್ದೆಲ್ಲ ದೂಳೇ ಎಂದು ಅನುಮಾನ ಪ್ರಮಾಣದಿಂದ ಸಿದ್ಧ. ತರ್ಕ ಸರಿ, ವ್ಯಾಪ್ತಿ ಸಾಲದು. ಕಪ್ಪು-ಬಿಳುಪು ಫಿಲಂನಲ್ಲಿ ಚಿತ್ರ ಬರೆದಿರುವುದು ಬೆಳ್ಳಿಯಿಂದ, ಬೆಳ್ಳಿ ಅವಕೆಂಪಿಗೂ ಅಡ್ಡ ನಿಲ್ಲುತ್ತದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲಂನಲ್ಲಿ ತೆಗೆದ ಅಜ್ಜನ ಚಿತ್ರಕ್ಕೆ ಈ ಶುದ್ಧಿ ಹಚ್ಚಿದರೆ, ತಂತ್ರಾಂಶ ಮೀಸೆಯನ್ನೇ ಕಸವೆಂದು ಗುಡಿಸಲು ಹೊರಡುತ್ತದೆ. ಕೊಡಾಕ್ರೋಮ್ ಬಣ್ಣದ್ದಾದರೂ ಅರೆಬರೆ ತೊಂದರೆ ಕೊಡುತ್ತದೆ. ಇಲ್‌ಫರ್ಡ್ ಎಕ್ಸ್‌ಪಿ2 ಕಪ್ಪು-ಬಿಳುಪಾದರೂ ಕಲರ್ ಫಿಲಂನ ರಾಸಾಯನಿಕದಲ್ಲೇ ತೊಳೆಯುವಂಥದ್ದು, ಅದರ ಚಿತ್ರ ವರ್ಣದ್ರವ್ಯದ್ದು; ಹಾಗಾಗಿ ಅದಕ್ಕೆ ಶುದ್ಧಿ ಸಲ್ಲುತ್ತದೆ. ಅಪವಾದವಿಲ್ಲದ ಶಾಸ್ತ್ರ ಯಾವುದಿದೆ? ಬೆಳ್ಳಿಯ ಫಿಲಂಗೆ ಪ್ರಾಯಶ್ಚಿತ್ತ ರಬ್ಬರ್ ಬ್ಲೋವರ್, ಆಮೇಲೆ ತಾಳ್ಮೆ.

ಸ್ಕ್ಯಾನರಿನ ಪೆಟ್ಟಿಗೆಯ ಮೇಲೆ ಬರೆದ 6400 ಡಿಪಿಐ ವಿಧಿವಾಕ್ಯವಲ್ಲ, ಅರ್ಥವಾದ. ಫ್ಲ್ಯಾಟ್‌ಬೆಡ್‌ಗಳು ನಿಜವಾಗಿ ಬಿಡಿಸುವ ವಿವರ ಅದಕ್ಕಿಂತ ಬಹಳ ಕಡಿಮೆ. ಯಾವ ತಂತ್ರಾಂಶವೂ ಅದನ್ನು ಹೆಚ್ಚಿಸಲಾರದು.

ಸಿದ್ಧಾಂತ ಹೀಗೆ: ಬಣ್ಣವನ್ನು ಚೆಂದ ಮಾಡಿಕೊಡುವುದು ತಂತ್ರಾಂಶದ ಎರಡನೆಯ ಗುಣ. ಸ್ಕ್ಯಾನರ್ ಕಂಡದ್ದನ್ನು ತಿದ್ದದೆ, ಅವಕೆಂಪಿನ ಪದರವನ್ನೂ ಸೇರಿಸಿ ಕಚ್ಚಾ ಕಡತವಾಗಿ ಉಳಿಸುವುದೇ ಮೊದಲನೆಯದು. ಅದೊಂದಿದ್ದರೆ ಬಣ್ಣದ ವ್ಯಾಖ್ಯಾನವನ್ನು ಮುಂದಿನ ವರ್ಷ ಬೇರೆ ತಂತ್ರಾಂಶದಲ್ಲೂ ಬದಲಿಸಬಹುದು, ನೆಗೆಟಿವ್ ಮತ್ತೆ ಹೊರಗೆ ತೆಗೆಯಬೇಕಿಲ್ಲ. ವ್ಯೂಸ್ಕ್ಯಾನ್ ಇದನ್ನು ಮಾಡುತ್ತದೆ. ಸಿಲ್ವರ್‌ಫಾಸ್ಟ್‌ನಲ್ಲಿ ಯಾವ ಆವೃತ್ತಿ ಮಾಡುತ್ತದೆಂದು ಕೇಳಿಕೊಳ್ಳಿ. ಎರಡಕ್ಕೂ ಪ್ರಾಯೋಗಿಕ ಆವೃತ್ತಿ ಸಿಗುತ್ತದೆ. ನಿಮ್ಮ ಡಬ್ಬಿಯ ಅತಿ ಕೆಟ್ಟ ಫ್ರೇಮನ್ನು ಎರಡರಲ್ಲೂ ಸ್ಕ್ಯಾನ್ ಮಾಡಿ ನೋಡಿ. ಚಿತ್ರದ ಮೇಲೆ ವಾಟರ್‌ಮಾರ್ಕ್ ಬಿದ್ದರೂ ಬಣ್ಣ ತಿಳಿಯುತ್ತದೆ. ದುಡ್ಡು ಆಮೇಲೆ ಕೊಡಿ.